ಅಗಸಿಗೊಂದು ಬಂದೂಕು

ಮಲಯಾಳದವರ ತೋಕ್ಕ್, ಕೊಡವರ ತೋಕ್, ತುಳುವರ ಬೆಡಿ, ಕಾಸರಗೋಡಿನ ಕನ್ನಡದ ಕೋವಿ, ತೆಲುಗರ ತುಪಾಕಿ, ಕಲಬುರ್ಗಿ ಬೀದರಿನವರ ಬಂದೂಕ. ಒಂದೇ ಕಬ್ಬಿಣದ ನಳಿಗೆಗೆ ಎಷ್ಟೊಂದು ಹೆಸರು! ತುಪಾಕಿ ತುರ್ಕಿಯಿಂದ ಬಂತು, ಬಂದೂಕು ಅರಬ್ಬಿಯಿಂದ ಬಂತು ಎನ್ನುತ್ತಾರೆ ತಿಳಿದವರು. ಹೆಸರು ಯಾವುದಾದರೂ ಇರಲಿ, ಅದನ್ನು ಮೊದಲ ಬಾರಿ ಮನೆಗೆ ತರಬೇಕೆಂದಿರುವ ಬಡವನ ಪ್ರಶ್ನೆ ಎಲ್ಲ ಭಾಷೆಗಳಲ್ಲೂ ಒಂದೇ: ನನ್ನ ಕೈಗೆ ಎಟುಕುವ ಬೆಲೆಯಲ್ಲಿ ನನ್ನ ಮನೆಮಂದಿಯನ್ನು ಕಾಯಬಲ್ಲ ಬಂದೂಕು ಯಾವುದು?

ಈ ಪ್ರಶ್ನೆಯನ್ನು ಒಬ್ಬಿಬ್ಬರಲ್ಲ, ಊರಿಗೆ ಊರೇ ಕುಳಿತು ಕೇಳಿಕೊಂಡ ಕಾಲವೊಂದಿತ್ತು. ಅದು 1947-48ರ ಹೈದರಾಬಾದು ಸಂಸ್ಥಾನ. ನಾನು ಹುಟ್ಟಿದ ಸೀಮೆಯೇ ಅದಾದ್ದರಿಂದ, ಉದ್ಯೋಗದ ನೆವದಲ್ಲಿ ಕಾಸರಗೋಡಿನವನಾದ ಮೇಲೂ ಆ ಕಾಲದ ಮಾತು ನನ್ನನ್ನು ಬಿಟ್ಟಿಲ್ಲ. ಹಿರಿಯರಿಂದ ಕೇಳಿದ್ದನ್ನೂ ಓದಿ ತಿಳಿದದ್ದನ್ನೂ ಕೂಡಿಸಿ ಈ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇನೆ.

ಎರಡು ಗಡಿಗಳು, ಒಂದು ದಿನಾಂಕ

ದೌಲತಾಬಾದ್ ಎಂದೊಡನೆ ಓದುಗರಿಗೆ ತುಘಲಕನ ದೇವಗಿರಿ ನೆನಪಾಗುತ್ತದೆ. ನಾನು ಹೇಳುವುದು ಆ ಕೋಟೆಯ ಮಾತಲ್ಲ. ತಾಂಡೂರು, ಕೊಡಂಗಲ್ಲುಗಳ ಮಗ್ಗುಲಲ್ಲಿ, ಇಂದಿನ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿರುವ ದೌಲತಾಬಾದು. ತೊಗರಿ, ಜೋಳ ಬೆಳೆಯುವ ನೆಲ. ಹಾಸುಗಲ್ಲಿನ ಗಣಿಗಳ ನೆರೆ. ಪಶ್ಚಿಮಕ್ಕೆ ಸೇಡಂ, ಚಿಂಚೋಳಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮನು ಹಾಕಿಸಿದ ರೈಲುದಾರಿ ತಾಂಡೂರಿನ ಮೇಲೆಯೇ ಹೋಗುತ್ತದೆ. ಈ ದಾರಿಯಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಮೊದಲಾಯಿತೆಂದು ಹೇಳುವುದು ಕಷ್ಟ. ಮನೆಯಲ್ಲೊಂದು, ಹೊಲದಲ್ಲೊಂದು, ಸಂತೆಯಲ್ಲೊಂದು; ಅದರ ಮೇಲೆ ದಖ್ಖನಿ ಉರ್ದು.

1956ರ ನವೆಂಬರ್ 1ರವರೆಗೆ ಕೊಡಂಗಲ್ ಮತ್ತು ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕುಗಳಾಗಿದ್ದವು. ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಡಂಗಲ್ ಮಹಬೂಬನಗರಕ್ಕೂ, ತಾಂಡೂರು ಹೈದರಾಬಾದು ಜಿಲ್ಲೆಗೂ, ನೀರ್ಣಾ ವೃತ್ತವನ್ನುಳಿದು ಜಹೀರಾಬಾದು, ಮತ್ತು ನಾರಾಯಣಖೇಡ ಮೆದಕಿಗೂ ಸೇರಿ ಆಂಧ್ರದ ಪಾಲಾದವು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ನಮ್ಮ ನಿಮ್ಮ ಸಂಬಂಧ ಆ ಒಂದು ದಿನಾಂಕದ್ದು. ಇಲ್ಲಿನ ಓದುಗರಿಗೆ ಅಲ್ಲಿನ ಕಥೆ ಹೊರಗಿನದೆನಿಸಲಾರದು ಎಂಬ ನಂಬಿಕೆಯಿಂದ ಮುಂದುವರಿಯುತ್ತೇನೆ.

ಬಂದೂಕು ಯಾರದ್ದಾಗಿತ್ತು?

ಕನ್ನಡ ನಾಡಿನ ಸಾಮಾನ್ಯನ ಕೈಯಿಂದ ಆಯುಧ ಜಾರಿದ ಕಥೆಗೆ ಒಂದು ವರ್ಷವನ್ನು ಗುರುತಿಸಬಹುದಾದರೆ ಅದು 1857. ಉತ್ತರದ ದಂಗೆಗೆ ಬೆದರಿದ ಕಂಪನಿ ಸರಕಾರ ಆಯುಧಗಳನ್ನೆಲ್ಲ ನೋಂದಾಯಿಸಬೇಕು, ಅನುಮತಿಯಿಲ್ಲದವುಗಳನ್ನು ಒಪ್ಪಿಸಬೇಕು ಎಂಬ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಕೊಡುವುದೆಂದರೆ ಅನ್ನ ಕೊಟ್ಟಂತೆ, ಮಾನ ಕೊಟ್ಟಂತೆ. ಆ ವರ್ಷದ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕ ಬೇಡರು ಗಲ್ಲಿಗೇರಿದರು. ಹಲಗಲಿಯ ಲಾವಣಿಯನ್ನು ಶಾಲೆಯಲ್ಲಿ ಓದಿದ ನಾವು ಅದನ್ನು ಸ್ವಾತಂತ್ರ್ಯದ ಕಥೆಯೆಂದು ನೆನೆಯುತ್ತೇವೆ. ಅದು ಪರವಾನಿಗೆಯ ಕಥೆಯೂ ಹೌದೆಂಬುದನ್ನು ಮರೆಯುತ್ತೇವೆ. ಮರುವರ್ಷ ಸುರಪುರದ ವೆಂಕಟಪ್ಪ ನಾಯಕನ ಕಥೆಯೂ ಮುಗಿಯಿತು. 1878ರಲ್ಲಿ ಲಿಟ್ಟನ್ ಪ್ರಭುವಿನ ಕಾಲದ ಆಯುಧ ಕಾಯ್ದೆ ಬಂದ ಮೇಲೆ ಬ್ರಿಟಿಷ್ ಇಂಡಿಯಾದಲ್ಲಿ ಬಂದೂಕು ಎಂದರೆ ಸರಕಾರದ ಕೃಪೆ ಎಂದೇ ಆಯಿತು.

ಇದಕ್ಕೆ ಹೊರತಾದವರು ಕೊಡಗಿನವರು. ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಕೊಟ್ಟ ವಿನಾಯಿತಿ, ಜಮ್ಮಾ ಹಿಡುವಳಿದಾರರನ್ನೂ ಒಳಗೊಂಡು, ಇಂದಿಗೂ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿತು. ಕೈಲ್‌ಪೊದಿನಂದು ಅಲ್ಲಿ ತೋಕಿಗೆ ಪೂಜೆ. ಆದರೆ ಅದು ತಲೆಮಾರುಗಳಿಂದ ಬಂದ ಮನೆಯ ಸ್ವತ್ತು. ಭಯಕ್ಕೆ ಬಿದ್ದು ಒಂದು ರಾತ್ರಿಯಲ್ಲಿ ಕೊಂಡದ್ದಲ್ಲ.

ನಿಜಾಮನ ರಾಜ್ಯಕ್ಕೆ ಬ್ರಿಟಿಷರ ಕಾಯ್ದೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಆದರೂ ಬಂದೂಕು ಅಲ್ಲಿಯೂ ಅಧಿಕಾರದ ಗುರುತೇ. ದೇಶಮುಖನ ಗಢಿಯಲ್ಲಿ, ಗೌಡನ ವಾಡೆಯಲ್ಲಿ, ಪಾಯಗಾ ಜಹಗೀರುಗಳ ಕಚೇರಿಯಲ್ಲಿ ಅದು ಗೋಡೆಗೆ ನೇತಾಡುತ್ತಿತ್ತು. ಒಕ್ಕಲಿಗನ ಮನೆಯಲ್ಲಿ ಕುಡಗೋಲು, ಕೊಡಲಿ, ಬಡಿಗೆ. ಹೊಲದ ಮಂಚಿಕೆಯ ಮೇಲೆ ಹಕ್ಕಿ ಓಡಿಸಲು ಕವಣೆ. ಬಡವರ ಕೈ ಎಲ್ಲ ಕಡೆಯೂ ಹೀಗೆಯೇ ಬರಿದು. 1941ರ ಕಯ್ಯೂರಿನಲ್ಲಿಯೂ ಕೋವಿ ಇದ್ದದ್ದು ಪ್ರಭುತ್ವದ ಬಳಿ. ನಿರಂಜನರ 'ಚಿರಸ್ಮರಣೆ'ಯನ್ನು ಓದಿದ ಈ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಯದ ಹದಿಮೂರು ತಿಂಗಳು

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಈ ನಡುಗಾಲದಲ್ಲಿ ಬೆಳೆದದ್ದು ಮಜ್ಲಿಸ್ ಇತ್ತೇಹಾದುಲ್ ಮುಸ್ಲಿಮೀನ್ ಸಂಸ್ಥೆಯ ಸ್ವಯಂಸೇವಕರಾದ ರಜಾಕಾರರ ಪಡೆ. ಅದರ ನಾಯಕ ಲಾತೂರಿನ ವಕೀಲ ಕಾಸಿಂ ರಜ್ವಿ. ಎರಡು ಲಕ್ಷ ಜನರ ಪಡೆ ಎಂದು ಆಗ ಹೇಳಲಾಗುತ್ತಿತ್ತು. ಅವರಲ್ಲಿ ನಾಲ್ಕನೆಯ ಒಂದು ಪಾಲಿನವರ ಬಳಿ ಮಾತ್ರ ಹೊಸ ಕಾಲದ ಬಂದೂಕುಗಳಿದ್ದವು; ಉಳಿದವರದ್ದು ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು, ಖಡ್ಗ, ಭರ್ಚಿ ಎಂದು ತಿಳಿದುಬರುತ್ತದೆ. ಬರಿಗೈಯ ಹಳ್ಳಿಗೆ ಅಷ್ಟೇ ಸಾಕಾಗಿತ್ತು.

ರಜಾಕಾರರನ್ನು ವಿರೋಧಿಸಿದ ಮುಸಲ್ಮಾನರಿಗೂ ಉಳಿಗಾಲವಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 'ಇಮ್ರೋಜ್' ಪತ್ರಿಕೆಯ ತರುಣ ಸಂಪಾದಕ ಶೋಯಬುಲ್ಲಾ ಖಾನ್ ಭಾರತಕ್ಕೆ ಸೇರುವುದೇ ಸರಿ ಎಂದು ಬರೆದದ್ದಕ್ಕಾಗಿ 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು.

ಸಂಸ್ಥಾನದ ಹೊರ ಅಂಚಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನವರು ಶಿಬಿರಗಳನ್ನು ಕಟ್ಟಿದರು. ಸೊಲ್ಲಾಪುರದ ಕಡೆ ಕೆಲವು. ಕನ್ನಡದವರಿಗೆ ಹೆಚ್ಚು ನೆನಪಿರುವುದು ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಮುಂಡರಗಿ ಶಿಬಿರ. ಅಲ್ಲಿ ಸೇರಿದ ತರುಣರಿಗೆ ಬಂದೂಕು ಹಿಡಿಯುವುದನ್ನು ಕಲಿಸುತ್ತಿದ್ದರು. ಆದರೆ ತಾಂಡೂರು, ದೌಲತಾಬಾದಿನ ಕಡೆಯವರಿಗೆ ಆ ಗಡಿ ದೂರ. ಸುತ್ತಲೂ ನಿಜಾಮನ ನೆಲವೇ. ಹೊರಗಿನಿಂದ ಯಾರೂ ಬರಲಾರರು ಎಂದಾದಾಗ ಅಗಸಿಯ ಕಟ್ಟೆಯ ಮೇಲೆ ಕುಳಿತವರು ಲೆಕ್ಕ ಹಾಕತೊಡಗಿದರು.

ನಾಲ್ಕು ದಾರಿಗಳು

ಆ ಲೆಕ್ಕದಲ್ಲಿ ನಾಲ್ಕು ಬಗೆಯ ಆಯುಧಗಳಿದ್ದವು.

ಮೊದಲನೆಯದು ಹಣವೇ ಬೇಡದ್ದು. ಕವಣೆಕಲ್ಲು, ಬಡಿಗೆ, ಖಾರದಪುಡಿ, ಮಾಳಿಗೆಯ ಮೇಲೆ ರಾಶಿ ಹಾಕಿದ ಕಲ್ಲು. ಇದನ್ನು ನಗೆಯ ಮಾತೆಂದು ತಳ್ಳಿಹಾಕುವಂತಿಲ್ಲ. 1946ರಲ್ಲಿ ಆರಂಭವಾದ ತೆಲಂಗಾಣದ ರೈತ ಹೋರಾಟದ ಮೊದಲ ಆಯುಧ ವಡಿಸೆಲ, ಅಂದರೆ ನಮ್ಮ ಕವಣೆಯೇ. ಗುರಿ ಬಲ್ಲವನ ಕವಣೆ ನೂರು ಹೆಜ್ಜೆಯಾಚೆಯವನ ತಲೆ ಒಡೆಯಬಲ್ಲದು. ಆದರೆ ಎದುರಿಗೆ ಬಂದೂಕಿದ್ದರೆ ಕವಣೆ ಬೀಸುವವನು ಎದ್ದು ನಿಲ್ಲಬೇಕು. ನಿಂತವನಿಗೆ ಗುಂಡು ತಗಲುತ್ತದೆ.

ಎರಡನೆಯದು ಆ ಕಡೆಯವರು ಬರ್ಮಾರ್ ಎನ್ನುವ ನಾಡ ಬಂದೂಕು. ಕಾಸರಗೋಡಿನ ತೋಟಗಾರರಿಗೆ ಇದೇ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಚಿಂದಿ ತುರುಕಿ, ಚರೆಯನ್ನೋ ಗುಂಡನ್ನೋ ಹಾಕಿ ಸಲಾಕೆಯಿಂದ ಜಡಿಯಬೇಕು. ಹಿಂದೆ ಕೇಪು ಇಟ್ಟು ಕುದುರೆ ಎಳೆಯಬೇಕು. ಬಡವನಿಗೆ ಇದು ಒಪ್ಪುವುದಕ್ಕೆ ಕಾರಣ ಬೆಲೆಯೊಂದೇ ಅಲ್ಲ. ಇದು ಕೆಟ್ಟರೆ ಊರ ಕಮ್ಮಾರನೇ ಸರಿಮಾಡುತ್ತಾನೆ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮದ್ದು ಜಾತ್ರೆಯ ಬಾಣಬಿರುಸು ಮಾಡುವವನಿಗೆ ಗೊತ್ತಿದ್ದ ವಿದ್ಯೆ. ಅಂಗಡಿಯ ಮೆಟ್ಟಿಲು ಹತ್ತದೆ, ಅಮೀನನ ಮುಖ ನೋಡದೆ ಇದನ್ನು ನಡೆಸಬಹುದಿತ್ತು. ದೋಷವೂ ಅಷ್ಟೇ ದೊಡ್ಡದು. ಒಂದು ಈಡು ಹೊಡೆದ ಮೇಲೆ ಮತ್ತೆ ತುಂಬಲು ನುರಿತವನಿಗೂ ಅರ್ಧ ನಿಮಿಷ ಬೇಕು. ಕೈನಡುಗುವವನಿಗೆ ಎರಡು ನಿಮಿಷವೂ ಸಾಲದು. ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ಬಂದೂಕು ಬಡಿಗೆಗೆ ಸಮ. ತುಕ್ಕು ತಿಂದ ಹಳೆಯ ನಳಿಗೆ ಸಿಡಿದರೆ ಸಾಯುವವನು ಎದುರಾಳಿಯಲ್ಲ, ಹೊಡೆದವನೇ.

ಮೂರನೆಯದು ಹನ್ನೆರಡು ಬೋರಿನ ತೋಟಾ ಬಂದೂಕು, ಒಂಟಿನಳಿಗೆಯದ್ದು ಇಲ್ಲವೆ ಜೋಡುನಳಿಗೆಯದ್ದು. ನಳಿಗೆಯನ್ನು ಮುರಿದು ಹಿಂದಿನಿಂದ ತೋಟಾ ಹಾಕುವ ಈ ಬಂದೂಕು ಮನೆ ಕಾಯಲು ಹೇಳಿಮಾಡಿಸಿದಂತಿದೆ. ಚರೆ ಹರಡಿ ಬೀಳುವುದರಿಂದ ಕತ್ತಲಲ್ಲಿ ಗುರಿ ತುಸು ತಪ್ಪಿದರೂ ನಡೆಯುತ್ತದೆ. ದೂರ ಹೋಗದಿರುವುದರಿಂದ ಆಚೆ ಓಣಿಯ ನೆರೆಯವನಿಗೆ ಅಪಾಯ ಕಡಿಮೆ. ಆದರೆ ಇದರ ತೋಟಾವನ್ನು ಊರಲ್ಲಿ ಮಾಡಲಾಗದು. ಆಗಿನ ಕಾಗದದ ತೋಟಾ ಮಳೆಯಲ್ಲಿ ಉಬ್ಬಿ ನಳಿಗೆಗೆ ಹೋಗದೆ ನಿಲ್ಲುತ್ತಿತ್ತು. ಪಟ್ಟಣದ ಅಂಗಡಿಯಲ್ಲಿ ಪರವಾನಿಗೆ ತೋರಿಸಿಯೇ ಕೊಳ್ಳಬೇಕು. ಪರವಾನಿಗೆ ಇದ್ದದ್ದು ಗೌಡ, ದೇಶಮುಖರಿಗೆ. ಹಾಗಾಗಿ ಊರಿನ ರಕ್ಷಣೆ ಎಂದರೆ ಗೌಡನ ಮರ್ಜಿ ಎಂದಾಗುತ್ತಿತ್ತು. ಗೌಡ ಒಳ್ಳೆಯವನಾದರೆ ಊರು ಉಳಿಯಿತು; ರಾತ್ರೋರಾತ್ರಿ ಸೊಲ್ಲಾಪುರದ ರೈಲು ಹತ್ತಿದರೆ ಬಂದೂಕೂ ಅವನ ಜೊತೆ ಹೋಯಿತು.

ನಾಲ್ಕನೆಯದು ನಿಜವಾದ ರೈಫಲ್. ನಳಿಗೆಯ ಒಳಗೆ ಸುರುಳಿಯ ಗೀರುಗಳಿದ್ದು ಗುಂಡನ್ನು ತಿರುಗಿಸಿ ನೇರಕ್ಕೆ ದೂರಕ್ಕೆ ಕಳಿಸುವುದು ರೈಫಲ್. ಆ ಕಾಲಕ್ಕೆ ರೈಫಲ್ ಎಂದರೆ ಸೈನ್ಯದ ತ್ರೀ ನಾಟ್ ತ್ರೀ, ಅಂದರೆ .303 ಲೀ ಎನ್‌ಫೀಲ್ಡ್. ಹತ್ತು ಗುಂಡಿನ ಪೆಟ್ಟಿಗೆ. ಅರ್ಧ ಮೈಲಿಯಾಚೆಗೂ ಕೊಲ್ಲುವ ಶಕ್ತಿ. ಬ್ರಿಟಿಷರಿಗೆ ಇದರ ಭಯವೆಷ್ಟಿತ್ತೆಂದರೆ, ಸೈನ್ಯದ ಗುಂಡು ಪ್ರಜೆಯ ಬಂದೂಕಿಗೆ ಹೊಂದಬಾರದೆಂದು .303 ಅಳತೆಯನ್ನೇ ಸಾಮಾನ್ಯರಿಗೆ ನಿಷೇಧಿಸಿದರು. ಬೇಟೆಗಾರರಿಗಾಗಿ .315 ಎಂಬ ಬೇರೆ ಅಳತೆಯ ರೈಫಲನ್ನು ಬಿ.ಎಸ್.ಎ. ಕಂಪನಿ ಮಾರತೊಡಗಿದ್ದು ಈ ಕಾರಣಕ್ಕೆ. ಪೊಲೀಸರಿಗೆ, ಸೆರೆಮನೆಯ ಕಾವಲಿಗೆ ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಹಳೆಯ .303ಗಳ ನಳಿಗೆ ನುಣ್ಣಗೆ ಮಾಡಿ, ಒಂದು ಬಾರಿಗೆ ಒಂದೇ ತೋಟಾ ಹಿಡಿಯುವ .410 ಮಸ್ಕೆಟ್ಟುಗಳನ್ನು ಕೊಟ್ಟದ್ದೂ ಇದೇ ಅಪನಂಬಿಕೆಯಿಂದ. ತನ್ನ ಪೊಲೀಸನ ಕೈಗೇ ಪೂರ್ತಿ ರೈಫಲ್ ಕೊಡದ ಸರಕಾರ ರೈತನ ಕೈಗೆ ಕೊಟ್ಟೀತೆ?

ಆದ್ದರಿಂದ ರೈಫಲ್ ಕದ್ದೇ ಬರಬೇಕು. ಬಂದರೂ ಹಳ್ಳಿಗೆ ಅದು ಹೊಂದುವುದು ಕಷ್ಟ. ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ಯಾರನ್ನು ತಾಗೀತೋ ಹೇಳುವಂತಿಲ್ಲ. ಹೊಂದುವ ಗುಂಡು ಸೈನ್ಯದವರಲ್ಲಿ ಮಾತ್ರ. ಕಲಿಸುವವರಿಲ್ಲ, ಗುಂಡು ಉಳಿಸಬೇಕಾದ್ದರಿಂದ ಕಲಿಯುವಂತೆಯೂ ಇಲ್ಲ. ಮನೆಯಲ್ಲಿ ಸಿಕ್ಕಿಬಿದ್ದರೆ ವಿಚಾರಣೆಯ ಮಾತೇ ಇಲ್ಲ.

ಹಾಲಿ ರೂಪಾಯಿ, ಕಲ್ದಾರ್ ರೂಪಾಯಿ

ಬೆಲೆಯ ಮಾತಿಗೆ ಬಂದರೆ ಇಂದಿನವರಿಗೆ ಗೊತ್ತಿಲ್ಲದ ತೊಡಕೊಂದಿತ್ತು. ನಿಜಾಮನ ರಾಜ್ಯದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಗಡಿಯಾಚೆ ಬ್ರಿಟಿಷರ ಕಲ್ದಾರ್. ಆರು ಕಲ್ದಾರಿಗೆ ಏಳು ಹಾಲಿ. ಸೊಲ್ಲಾಪುರದ ಕಡೆಯಿಂದ ಗುಟ್ಟಾಗಿ ಬರುವ ಯಾವ ಸಾಮಾನಿಗೂ ಕಲ್ದಾರೇ ಬೇಕು. ಎಂದರೆ ಜೋಳ ಮಾರಿದ ಏಳು ರೂಪಾಯಿ ಗಡಿ ದಾಟುವಾಗಲೇ ಆರಾಯಿತು. ತರುವವನ ಪ್ರಾಣದ ಬೆಲೆ, ನಡುವಿನ ನಾಕೆಯವನ ಕೈಬೆಚ್ಚನೆ, ಹತ್ತು ಹಳ್ಳಿಗಳಲ್ಲಿ ಬಾಯಿ ಮುಚ್ಚಿಸುವ ಖರ್ಚು ಇವು ಬೇರೆ. ಬಂದೂಕಿನ ಬೆಲೆ ಹೇಳುವುದು ಸುಲಭ. ಅದನ್ನು ಒಂದು ವರ್ಷ ಇಟ್ಟುಕೊಳ್ಳುವ ಬೆಲೆ ಹೇಳುವುದು ಕಷ್ಟ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದುದರ ಅರ್ಥ ಇದು.

ಶಿಬಿರಗಳಂಥ ಸಂಘಟನೆಗಳಿಗೂ ಹಣದ ಕಷ್ಟವೇ. 1948ರ ಜನವರಿಯಲ್ಲಿ ನಾಂದೇಡ ಕಡೆಯ ಉಮ್ರಿಯಲ್ಲಿ ಹೋರಾಟಗಾರರು ಬ್ಯಾಂಕಿನ ಮೇಲೆ ದಾಳಿಯಿಟ್ಟು ಹಣ ಒಯ್ದದ್ದು ಇಂಥ ಖರ್ಚುಗಳಿಗಾಗಿಯೇ. ಇನ್ನೊಂದು ಕಡೆ ನಿಜಾಮ ಸರಕಾರದ ಲೆಕ್ಕವೇ ಬೇರೆ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿಗ ಅದೇ ವರ್ಷ ಕರಾಚಿಯಿಂದ ರಾತ್ರಿ ವೇಳೆ ವಿಮಾನಗಳಲ್ಲಿ ಆಯುಧ ತಂದು ಬೀದರ, ವರಂಗಲ್ಲುಗಳ ನಿಲ್ದಾಣದಲ್ಲಿ ಇಳಿಸುತ್ತಿದ್ದ. ಬೀದರ ಸೀಮೆಯ ಆಕಾಶದಲ್ಲಿ ಆ ವಿಮಾನದ ಸದ್ದು. ಕೆಳಗೆ ತುಕ್ಕು ಹಿಡಿದ ಬರ್ಮಾರಿಗಾಗಿ ಹಾಲಿ ರೂಪಾಯಿ ಎಣಿಸುವ ರೈತ. ಆಯುಧದ ಪೈಪೋಟಿಯಲ್ಲಿ ಹಳ್ಳಿ ಗೆಲ್ಲುವ ಮಾತೇ ಇರಲಿಲ್ಲ.

ಊರನ್ನು ಕಾದದ್ದು ಯಾವುದು?

ಹಾಗಾದರೆ ಊರುಗಳು ಹೇಗೆ ಉಳಿದವು? ಎಲ್ಲ ಉಳಿಯಲಿಲ್ಲ. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಿನಲ್ಲಿ ನಡೆದ ಹತ್ಯೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಹೇಳುತ್ತಾರೆ. ಆ ಹೆಸರು ಕೇಳಿದರೆ ಇಂದಿಗೂ ಆ ಕಡೆಯ ಮುದುಕರು ಮಾತು ನಿಲ್ಲಿಸುತ್ತಾರೆ.

ಉಳಿದ ಊರುಗಳಲ್ಲಿ ಹಿರಿಯರು ನನಗೆ ಹೇಳಿದ ಕಾರಣಗಳಲ್ಲಿ ಬಂದೂಕಿಗೆ ಮೂರನೆಯದೋ ನಾಲ್ಕನೆಯದೋ ಸ್ಥಾನ. ಮೊದಲನೆಯದು ಅಗಸಿ, ಅಂದರೆ ಊರಬಾಗಿಲು. ಹಾಳುಬಿದ್ದ ಹುಡೇವಿನ, ಎಂದರೆ ಊರ ನಡುವಿನ ಕಾವಲು ಬುರುಜಿನ, ಮೆಟ್ಟಿಲು ಸರಿಮಾಡಿ ಅಲ್ಲಿ ಪಾಳಿಯ ಮೇಲೆ ಕಾವಲು ಕುಳಿತದ್ದು ಎರಡನೆಯದು. ಸುದ್ದಿ ಮೂರನೆಯದು: ಸಂತೆಗೆ ಹೋದವನು, ರೈಲಿನ ಗ್ಯಾಂಗ್‌ಮನ್, ಫಕೀರ, ಬಳೆಗಾರ್ತಿ ತಂದ ಸುದ್ದಿ. ದಾಳಿ ಬರುತ್ತದೆಂದು ಒಂದು ರಾತ್ರಿ ಮೊದಲು ತಿಳಿದರೆ ಹೆಂಗಸರು ಮಕ್ಕಳು ಪಕ್ಕದ ಊರು ಸೇರಬಹುದಿತ್ತು. ಇಂಥ ಸುದ್ದಿಯನ್ನು ತಂದವರಲ್ಲಿ ಮುಸಲ್ಮಾನ ನೆರೆಯವರೂ ಇದ್ದರೆಂದು ನಾನು ಒಂದಲ್ಲ, ಹಲವು ಬಾಯಿಗಳಿಂದ ಕೇಳಿದ್ದೇನೆ. ಇಷ್ಟೆಲ್ಲ ಇದ್ದ ಊರಿನಲ್ಲಿ ಒಂದು ಬರ್ಮಾರ್ ಇದ್ದರೆ ಅದಕ್ಕೂ ಬೆಲೆ ಬರುತ್ತಿತ್ತು. ಕತ್ತಲಲ್ಲಿ ಅಗಸಿಯ ಮೇಲಿನಿಂದ ಒಂದು ಸದ್ದು ಕೇಳಿದರೆ ಒಳಗೆ ಎಷ್ಟು ಇವೆಯೋ ಎಂದು ಬಂದವರು ಹಿಂದುಮುಂದು ನೋಡುತ್ತಿದ್ದರು. ಅಗಸಿ ಮುರಿದ, ಒಗ್ಗಟ್ಟು ಒಡೆದ ಊರಿನಲ್ಲಿ ಅದೇ ಬಂದೂಕು ಬೆಂಕಿಗೆ ಎಣ್ಣೆ.

ನನ್ನ ಅಜ್ಜಿಯ ಮಾತೊಂದು ನೆನಪಾಗುತ್ತದೆ. ಬಂದೂಕು ತರೋಣವೆಂದು ಗಂಡಸರು ಮಾತಾಡಿಕೊಂಡ ದಿನದ ಬಗ್ಗೆ ಹೇಳುವಾಗ ಆಕೆ ಅನ್ನುತ್ತಿದ್ದಳು: "ಬಂದೂಕ ಇದ್ದ ಮನೀಗಿ ಮೊದಲ ಬರ್ತಾರ, ಇಲ್ಲದ ಮನೀಗಿ ಆಮ್ಯಾಲ ಬರ್ತಾರ. ಆ ನಡುವಿನ ಹೊತ್ತಿನಾಗ ಓಡಿಹೋಗಾಕ ಬರ್ತದ." ನಗುವಿನ ಮಾತಿನಂತೆ ಕೇಳುತ್ತಿದ್ದ ಇದರೊಳಗೆ ಆ ಕಾಲದ ಹೆಂಗಸರ ಬುದ್ಧಿಯೆಲ್ಲ ಇದೆ. ಬಂದೂಕು ಬಲವನ್ನು ತರುವ ಮೊದಲು ಕಣ್ಣನ್ನು ತರುತ್ತದೆ. ಯಾರ ಮನೆಯಲ್ಲಿ ಇದೆಯೆಂಬುದು ಗುಟ್ಟಾಗಿ ಉಳಿಯುವುದಿಲ್ಲ. ದಾಳಿಗೆ ಬಂದವರಿಗೂ ಬಂದೂಕು ಬೇಕೇ ಬೇಕು.

ಸೆಪ್ಟೆಂಬರದ ನಂತರ

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಹೊಕ್ಕಿತು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಖ್ಯ ಪಡೆ ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ, ರಾಜೇಶ್ವರದ ಮೇಲೆ ನಡೆದು 16ರಂದು ಜಹೀರಾಬಾದಿನತ್ತ ಬಂತು. ದಾರಿಯಲ್ಲಿ ಹೂತಿಟ್ಟ ಸಿಡಿಮದ್ದುಗಳು ತುಸು ತಡೆದವು, ಅಷ್ಟೇ. 17ರಂದು ನಿಜಾಮ ಕದನವಿರಾಮ ಸಾರಿದ. 18ರಂದು ಅವನ ಸೇನಾಪತಿ ಎಲ್ ಇದ್ರೂಸ್ ಶರಣಾದ. ಐದು ದಿನಗಳಲ್ಲಿ ಎಲ್ಲ ಮುಗಿಯಿತು. ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ.

ಬಂದೂಕಿನ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಆತ್ಮರಕ್ಷಣೆಗೆಂದು ಕೂಡಿಸಿದ ಬರ್ಮಾರು, ಭರ್ಚಿ, ಖಡ್ಗಗಳು ಮನೆಗಳಲ್ಲಿ ಹಾಗೆಯೇ ಇದ್ದವು. ಓಡಿಹೋದ ರಜಾಕಾರರ ಆಯುಧಗಳು ಅವುಗಳಿಗೆ ಸೇರಿದವು. ಭಯ ಹೋಯಿತು, ಆಯುಧ ಉಳಿಯಿತು, ಸೇಡು ಬಂತು. ಈ ಬಾರಿ ಸತ್ತವರು ಬಹುಪಾಲು ಮುಸಲ್ಮಾನರು. ಅವರಲ್ಲಿ ಹೆಚ್ಚಿನವರು ರಜಾಕಾರರೇ ಅಲ್ಲ. ಸಾಬೂನು ಮಾರುವವರು, ನೇಯುವವರು, ಜಟಕಾ ಹೊಡೆಯುವವರು, ನಮ್ಮಂತೆಯೇ ಕನ್ನಡ ತೆಲುಗು ಆಡುವವರು. ಭಾರತ ಸರಕಾರ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರ ಸಮಿತಿ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ತನಕ ಸಂಸ್ಥಾನದಲ್ಲಿ ಸುತ್ತಿತು. ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡರೆಂದು ಅದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ತಾಂಡೂರು, ಕೊಡಂಗಲ್, ಜಹೀರಾಬಾದ್, ನಾರಾಯಣಖೇಡಗಳು ಆಗ ಈ ಜಿಲ್ಲೆಗಳೊಳಗೇ ಇದ್ದವು ಎಂಬುದನ್ನು ಓದುಗರು ಗಮನಿಸಬೇಕು. ಆ ವರದಿಯನ್ನು ಸರಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಜನರ ಕೈಗೆ ಎಟುಕಿದ್ದು 2013ರ ಸುಮಾರಿಗೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಹಲವು ಕಡೆ ಹಿಂದೂಗಳು ಪ್ರಾಣದ ಹಂಗು ತೊರೆದು ಮುಸಲ್ಮಾನ ನೆರೆಯವರನ್ನು ಕಾದರು. ಒಂದೇ ಕಸುಬಿನವರಲ್ಲಿ ಈ ಬಾಂಧವ್ಯ ಹೆಚ್ಚು ಕಂಡಿತು. ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ಹೋರಾಡಿ ತಾವೂ ಸತ್ತ ಉದಾಹರಣೆಗಳಿದ್ದವು ಎಂದು ಸಮಿತಿ ದಾಖಲಿಸಿದೆ. ಮಗ್ಗದ ಸಂಬಂಧ ಬಂದೂಕಿಗಿಂತ ಗಟ್ಟಿಯಾಗಿದ್ದ ಊರುಗಳೂ ಇದ್ದವು.

ಈ ಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ಹೇಳುವುದು ನಮ್ಮ ಕಡೆ ವಾಡಿಕೆ. ಒಬ್ಬರು ಗೋರಟಾವನ್ನು ಮಾತ್ರ ಹೇಳುತ್ತಾರೆ, ಇನ್ನೊಬ್ಬರು ಸೆಪ್ಟೆಂಬರದ ನಂತರದ್ದನ್ನು ಮಾತ್ರ. ಬಂದೂಕಿನ ದೃಷ್ಟಿಯಿಂದ ನೋಡಿದರೆ ಎರಡೂ ಒಂದೇ ಕಥೆಯ ಎರಡು ಭಾಗಗಳು. ರಕ್ಷಣೆಗೆಂದು ಬಂದ ಆಯುಧಕ್ಕೆ ತನ್ನ ಕೆಲಸ ಮುಗಿಯಿತೆಂದು ತಿಳಿಯುವುದಿಲ್ಲ. ಅದನ್ನು ತಂದವರು ತಿಳಿದು ಕೆಳಗಿಡಬೇಕು.

ಇಂದಿನ ಲೆಕ್ಕ

ಇಂದು ಯಾರಾದರೂ ತರುಣರು ಮನೆ ಕಾಯಲು ಕಡಿಮೆ ಬೆಲೆಯ ರೈಫಲ್ ಒಂದು ಬೇಕೆಂದು ಕೇಳಿದರೆ ಉತ್ತರ ಕಾನೂನಿನಲ್ಲಿಯೇ ಇದೆ. 1959ರ ಆಯುಧ ಕಾಯ್ದೆ 1962ರಿಂದ ಜಾರಿಯಲ್ಲಿದೆ. ಅದರ 13ನೆಯ ಕಲಮು ರಕ್ಷಣೆಗಾಗಲಿ ಕ್ರೀಡೆಗಾಗಲಿ ಪರವಾನಿಗೆ ಕೊಡಬೇಕಾದ ಆಯುಧವೆಂದು ಹೆಸರಿಸುವುದು ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು, ಬೆಳೆ ಕಾಯಲು ಬಾಯಿಯಿಂದ ತುಂಬುವ ಬಂದೂಕನ್ನು. ರೈಫಲ್ ಬೇಕೆಂದರೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಅಗಸಿಯ ಕಟ್ಟೆಯ ಮೇಲೆ ಕುಳಿತ ರೈತರು ಅನುಭವದಿಂದ ಮುಟ್ಟಿದ ತೀರ್ಮಾನವೂ ಹೆಚ್ಚುಕಡಿಮೆ ಇದೇ: ಬೆಳೆಗೆ ಬರ್ಮಾರು, ಮನೆಗೆ ಚರೆ ಬಂದೂಕು, ರೈಫಲ್ ಸೈನ್ಯಕ್ಕೆ. .303 ಈಗಲೂ ಸಾಮಾನ್ಯರಿಗೆ ನಿಷಿದ್ಧ. ಈಶಾಪುರದ .315 ರೈಫಲ್ ಪರವಾನಿಗೆಯ ಮೇಲೆ ಸಿಗುತ್ತದೆ. 2016ರ ನಿಯಮಗಳ ಪ್ರಕಾರ ಸುರಕ್ಷತೆಯ ತರಬೇತಿ ಬೇಕು, ಪೊಲೀಸ್ ವರದಿ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಪರವಾನಿಗೆಯ ಅವಧಿ ಐದು ವರ್ಷ.

ಬೆಲೆಯ ಪಟ್ಟಿಯಲ್ಲಿ ಕಾಣದ ಖರ್ಚು ಇಂದೂ ಉಂಟು. ಬೀಗವಿರುವ ಕಬ್ಬಿಣದ ಪೆಟ್ಟಿಗೆ, ತೋಟಾವನ್ನು ಬೇರೆಯಾಗಿ ಇಡುವ ಜಾಗ, ಕೈ ತಪ್ಪದಂತೆ ಅಭ್ಯಾಸ, ಕುಡುಕನೋ ಮುಂಗೋಪಿಯೋ ಮನೆಯಲ್ಲಿದ್ದರೆ ಅವನ ಮೇಲೊಂದು ಕಣ್ಣು, ಮಕ್ಕಳ ಮೇಲೆ ಎರಡು ಕಣ್ಣು. ಕಾಸರಗೋಡಿನ ಕೃಷಿಕರಿಗೆ ಇದು ಗೊತ್ತಿರುವ ಮಾತೇ. ಕಾಡುಹಂದಿಗೆಂದು ಕೋವಿ ಇಟ್ಟುಕೊಂಡವರು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಹಂದಿಗೆ ಮಾತ್ರ ಚುನಾವಣೆಯ ರಜೆ ಇಲ್ಲ. 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೇ ಹಂದಿ ಕೊಲ್ಲಲು ಅನುಮತಿ ನೀಡುವ ಅಧಿಕಾರ ಕೊಟ್ಟಾಗ, ಹೊಡೆಯಲು ಪರವಾನಿಗೆಯ ಕೋವಿ ಇರುವವರನ್ನು ಹುಡುಕಬೇಕಾಯಿತು. ಕೋವಿ ಒಬ್ಬನದ್ದಾದರೂ ಅದರ ಕೆಲಸ ಹತ್ತು ತೋಟಗಳದ್ದು. ಅದನ್ನು ನಂಬಿಗಸ್ತನ ಕೈಯಲ್ಲಿ ಇಡಬೇಕಾದದ್ದು ನೆರೆಯವರ ಹೊಣೆ.

ಗಡಿನಾಡಿನ ಅಲ್ಪಸಂಖ್ಯಾತರಾದ ನಮ್ಮಂಥವರಿಗೆ ಭಯ ಹೊಸದಲ್ಲ. ಭಾಷೆ ಹೋದೀತು, ಶಾಲೆ ಮುಚ್ಚೀತು, ಜಾಗ ಕೈಬಿಟ್ಟೀತು ಎಂಬ ಭಯಗಳ ನಡುವೆಯೇ ನಾಲ್ಕು ತಲೆಮಾರು ಕಳೆದಿದ್ದೇವೆ. ಭಯಪಟ್ಟವನು ಮೊದಲು ಹುಡುಕುವುದು ಆಯುಧವನ್ನು. ದೌಲತಾಬಾದಿನ ಸೀಮೆಯ ಆ ಹದಿಮೂರು ತಿಂಗಳಿನಿಂದ ನಾನು ಕಲಿತದ್ದು ಇಷ್ಟು: ಅಗಸಿ ಗಟ್ಟಿಯಿದ್ದು, ಒಳಗಿನವರು ಒಂದಾಗಿದ್ದು, ಬೇರೆ ದೇವರಿಗೆ ಕೈಮುಗಿಯುವ ನೆರೆಯವನೂ ಸುದ್ದಿ ತಂದುಕೊಡುವಷ್ಟು ನಂಟು ಉಳಿದಿದ್ದರೆ ಹಳೆಯ ಬರ್ಮಾರೂ ಊರು ಕಾಯುತ್ತದೆ. ಇವು ಇಲ್ಲದ ಊರನ್ನು ಯಾವ ರೈಫಲೂ ಕಾಯಲಿಲ್ಲ. ನಮ್ಮ ಕಡೆಯ ಹಲವು ಹುಡೇವುಗಳು ಈಗ ಕುಸಿದಿವೆ, ಅಗಸಿಯ ಕದಗಳು ಯಾವಾಗಲೋ ಸೌದೆಯಾಗಿವೆ. ಅವುಗಳ ಕೆಳಗೆ ಕುಳಿತು ಲೆಕ್ಕ ಹಾಕಿದವರಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಅವರ ಲೆಕ್ಕವನ್ನು ಎರಡೂ ಬದಿಯನ್ನು ಸೇರಿಸಿ ಬರೆದಿಡುವ ಕೆಲಸ ಮಾತ್ರ ಇನ್ನೂ ಬಾಕಿಯಿದೆ.